ನೆನಪಿನ ಮನೆ ಮತ್ತು ಮಿಶ್ರ ಮಾಧ್ಯಮ ಕಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಫೋಟೊ, ಬಟ್ಟೆ, ಪತ್ರ, ನಕ್ಷೆ, ಬಣ್ಣ, ದಾರ, ಮೇಣ ಇವನ್ನೆಲ್ಲ ಒಂದೇ ಕೃತಿಯಲ್ಲಿ ಸೇರಿಸಿ ಮನೆಯ ನೆನಪನ್ನು ಹುಡುಕಲು ಹೊರಟವರಿಗಾಗಿ ಈ ಪುಟ. ಬರುವ ಪ್ರಶ್ನೆಗಳಲ್ಲಿ ಅರ್ಧದಷ್ಟು ಅಂಟು, ಕಾಗದ, ಒಣಗುವ ಸಮಯದ ಬಗ್ಗೆ. ಉಳಿದರ್ಧ ಏನನ್ನು ಇಡಬೇಕು, ಏನನ್ನು ಬಿಡಬೇಕು ಎಂಬುದರ ಬಗ್ಗೆ. ಇವೆರಡನ್ನೂ ಬೇರೆ ಮಾಡಿ ನೋಡಲಾಗದು. ಒಂದು ವಿಧಾನ ಚಿತ್ರವನ್ನು ಮಸುಕಾಗಿಸುತ್ತದೆ, ಇನ್ನೊಂದು ಮುಚ್ಚುತ್ತದೆ, ಮತ್ತೊಂದು ಬರೀ ಅಚ್ಚನ್ನು ಉಳಿಸುತ್ತದೆ. ನೆನಪೂ ಈ ಮೂರನ್ನೂ ಮಾಡುತ್ತದೆ. ಯಾವ ನೆನಪಿಗೆ ಯಾವ ವಿಧಾನ ಹೊಂದುತ್ತದೆ ಎಂದು ತೀರ್ಮಾನಿಸುವುದೇ ಇಲ್ಲಿನ ನಿಜವಾದ ಕೆಲಸ.

ಎಲ್ಲಿಂದ ಶುರು ಮಾಡಬೇಕು? ಇಡೀ ಮನೆಯನ್ನು ಚಿತ್ರಿಸಬೇಕೇ?

ಬೇಡ. ಇಡೀ ಮನೆಯನ್ನು ತೋರಿಸಲು ಹೋದರೆ ಇಳಿಜಾರು ಮಾಡು, ಒಂದು ಬಾಗಿಲು, ಎರಡು ಕಿಟಕಿ ಇರುವ, ಯಾರ ಮನೆಯೂ ಅಲ್ಲದ ಒಂದು ಮನೆ ಬರುತ್ತದೆ. ಒಂದು ಮೂಲೆ ಸಾಕು.

ಆ ಮೂಲೆಯನ್ನು ಹುಡುಕಲು ಹೀಗೆ ಮಾಡಿ. ಎ3 ಅಳತೆಯ ಹಾಳೆ, ಒಂದು ಪೆನ್ಸಿಲ್, 20 ನಿಮಿಷ. ಹಳೆಯ ಫೋಟೊಗಳನ್ನು ನೋಡದೆ ಮನೆಯ ತಳನಕ್ಷೆ ಬರೆಯಿರಿ. ಅಳತೆ ಸರಿಯಿರಬೇಕಿಲ್ಲ. ಬಾಗಿಲು ಒಳಕ್ಕೆ ತೆರೆಯುತ್ತಿತ್ತೋ ಹೊರಕ್ಕೋ, ಸ್ವಿಚ್ಚು ಎಷ್ಟು ಎತ್ತರದಲ್ಲಿತ್ತು, ಬೆಳಗಿನ ಬಿಸಿಲು ಯಾವ ಗೋಡೆಗೆ ಬೀಳುತ್ತಿತ್ತು, ನೆಲದಲ್ಲಿ ಎಲ್ಲಿ ಬಿರುಕಿತ್ತು ಎಂಬುದನ್ನೆಲ್ಲ ಗುರುತಿಸಿ. ನೆನಪಾಗದ ಜಾಗವನ್ನು ಊಹಿಸಿ ತುಂಬಬೇಡಿ, ಖಾಲಿ ಬಿಡಿ. ಮುಗಿದ ಮೇಲೆ ನೋಡಿದರೆ ಎರಡು ಜಾಗಗಳು ಎದ್ದು ಕಾಣುತ್ತವೆ: ಕೈ ಸರಾಗವಾಗಿ ಓಡಿ ವಿವರ ಕಿಕ್ಕಿರಿದಿರುವುದು ಒಂದು, ದಿನಾ ಓಡಾಡಿದ ಜಾಗವಾಗಿದ್ದೂ ಪೂರ್ತಿ ಖಾಲಿ ಉಳಿದಿರುವುದು ಇನ್ನೊಂದು. ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಎರಡನೆಯದು ಕಷ್ಟ, ಆದರೆ ಸಾಮಾನ್ಯವಾಗಿ ಒಳ್ಳೆಯ ಕೃತಿ ಹುಟ್ಟುವುದು ಅಲ್ಲಿಂದಲೇ.

ಆಮೇಲೆ ಫೋಟೊ ತೆಗೆದು ನೋಡಿದರೆ ನನ್ನ ನೆನಪು ತಪ್ಪು ಎಂದು ಗೊತ್ತಾಯಿತು. ನಕ್ಷೆಯನ್ನು ತಿದ್ದಲೇ?

ತಿದ್ದಬೇಡಿ. ನೆನಪೆಂಬುದು ಪೆಟ್ಟಿಗೆಯಲ್ಲಿಟ್ಟ ವಸ್ತುವಲ್ಲ. ಪ್ರತಿ ಸಲ ನೆನೆದಾಗಲೂ ಮನಸ್ಸು ಅದನ್ನು ಹೊಸದಾಗಿ ಜೋಡಿಸುತ್ತದೆ. ಕಿಟಕಿ ಎಡಗಡೆ ಇತ್ತು ಎಂದು ನೀವು ಬರೆದಿದ್ದೀರಿ, ಫೋಟೊದಲ್ಲಿ ಅದು ಬಲಗಡೆ ಇದೆ. ಎರಡನ್ನೂ ಇಡಿ. ಪಾರದರ್ಶಕ ಹಾಳೆಯಲ್ಲಿ ಒಂದು, ಅದರ ಕೆಳಗಿನ ಕಾಗದದಲ್ಲಿ ಇನ್ನೊಂದು, ನಡುವೆ 3 ಮಿ.ಮೀ. ಅಂತರ. ನೋಡುವವರು ತಲೆ ಅಲುಗಿಸಿದಂತೆ ಒಂದು ಕಿಟಕಿ ಇನ್ನೊಂದರ ಮೇಲೆ ಸರಿದಾಡುತ್ತದೆ.

ಮೂಲ ಫೋಟೊ, ಮೂಲ ಪತ್ರಗಳನ್ನೇ ಅಂಟಿಸಬಹುದೇ? ಅದರಲ್ಲೇ ಅಲ್ಲವೇ ನಿಜವಾದ ಭಾವ ಇರುವುದು?

ಅಂಟಿಸಬೇಡಿ. ಒಮ್ಮೆ ಅಕ್ರಿಲಿಕ್ ಮೀಡಿಯಂ (ಬಣ್ಣ ಬೆರೆಸದ ಅಕ್ರಿಲಿಕ್, ಅಂಟಾಗಿಯೂ ಬಳಸುತ್ತಾರೆ) ಹಚ್ಚಿದ ಫೋಟೊ ಮತ್ತೆ ವಾಪಸು ಬರುವುದಿಲ್ಲ. ಮೂಲ ಕೈಲಿರುವಾಗ ನೀವು ಹೆದರಿ ಹೆದರಿ ಕೆಲಸ ಮಾಡುತ್ತೀರಿ. ಪ್ರತಿಯಾದರೆ ಹರಿಯಬಹುದು, ಉಜ್ಜಬಹುದು, ಹತ್ತು ಸಲ ಕೆಡಿಸಬಹುದು. ಈ ಸ್ವಾತಂತ್ರ್ಯವಿಲ್ಲದೆ ಇಂಥ ಕೆಲಸ ಬೆಳೆಯುವುದಿಲ್ಲ.

ಸ್ಕ್ಯಾನ್ ಮಾಡುವಾಗ ಅದೇ ಅಳತೆಗೆ 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ), ಎರಡರಷ್ಟು ದೊಡ್ಡದು ಮಾಡುವುದಾದರೆ 600, ಪಾಸ್‌ಪೋರ್ಟ್ ಗಾತ್ರದ ಫೋಟೊ ಆದರೆ 1200 ಇಟ್ಟುಕೊಳ್ಳಿ. ಉಳಿಸುವ ಪ್ರತಿ ಟಿಫ್ (ವಿವರ ನಷ್ಟವಾಗದ ಚಿತ್ರ ಕಡತ) ರೂಪದಲ್ಲಿರಲಿ. ಕಪ್ಪು-ಬಿಳುಪು ಚಿತ್ರವನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ, ಏಕೆಂದರೆ ಹಳದಿ ಕಲೆ, ಬೆರಳಚ್ಚು, ಪೆನ್ನಿನ ಗುರುತುಗಳೂ ನಿಮ್ಮ ಸಾಮಗ್ರಿಯೇ. ಫೋಟೊದ ಹಿಂಭಾಗವನ್ನು ಮರೆಯಬೇಡಿ. ಅಲ್ಲಿನ ಕೈಬರಹ ಎಷ್ಟೋ ಸಲ ಮುಂಭಾಗಕ್ಕಿಂತ ಹೆಚ್ಚು ಹೇಳುತ್ತದೆ.

ಅಂಟು ಹಾಳೆಯ ಹಳೆಯ ಆಲ್ಬಮ್‌ಗೆ ಕಚ್ಚಿಕೊಂಡ ಫೋಟೊವನ್ನು ಎಳೆದರೆ ಹರಿಯುತ್ತದೆ. ಮೇಣ ಸವರದ ಹಲ್ಲಿನ ಫ್ಲಾಸ್ ದಾರವನ್ನು ಮೂಲೆಯಿಂದ ಹಿಂಬದಿಗೆ ತೂರಿಸಿ, ನಿಧಾನವಾಗಿ ಆ ಕಡೆ ಈ ಕಡೆ ಎಳೆಯುತ್ತಾ ಬಿಡಿಸಿ. ಅದಕ್ಕೂ ಬಾರದಿದ್ದರೆ ಆಲ್ಬಮ್ಮಿನಲ್ಲೇ ಇಟ್ಟು ಸ್ಕ್ಯಾನ್ ಮಾಡಿ. ಟಿಕೆಟ್ಟು, ರಸೀದಿಗಳಲ್ಲಿ ಹೆಚ್ಚಿನವು ಶಾಖಕ್ಕೆ ಕಪ್ಪಾಗುವ ಕಾಗದ. ತಾವಾಗಿಯೇ ಮಾಸುತ್ತವೆ, ಇಸ್ತ್ರಿ ತಾಗಿದರೆ ಪೂರ್ತಿ ಕಪ್ಪಾಗುತ್ತವೆ. ಸಿಕ್ಕ ದಿನವೇ ಪ್ರತಿ ಮಾಡಿಕೊಳ್ಳಿ.

ಯಾವುದರ ಮೇಲೆ ಕೆಲಸ ಮಾಡುವುದು ಒಳ್ಳೆಯದು?

ಬರೀ ಕಾಗದ, ತೆಳು ಬಣ್ಣ, ಸ್ವಲ್ಪ ಹೊಲಿಗೆ ಅಷ್ಟೇ ಆದರೆ 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಹತ್ತಿಯ ಜಲವರ್ಣ ಕಾಗದ ಸಾಕು. ಪದರದ ಮೇಲೆ ಪದರ, ಉಜ್ಜುವುದು, ಕೆರೆಯುವುದು, ವಸ್ತುಗಳನ್ನು ಕೂರಿಸುವುದು ಇದ್ದರೆ 6 ಮಿ.ಮೀ. ಪ್ಲೈವುಡ್, ಹಿಂದೆ ಚೌಕಟ್ಟಿನ ಪಟ್ಟಿ ಹೊಡೆದದ್ದು ಬೇಕು. ಕ್ಯಾನ್ವಾಸ್ ಬಾಗುವುದರಿಂದ ಗಟ್ಟಿ ಪದರಗಳು ಬಿರುಕು ಬಿಡುತ್ತವೆ. ಉಜ್ಜುವಾಗ ಕೆಳಗೆ ಆಸರೆಯೂ ಇರುವುದಿಲ್ಲ.

ಮರದ ಹಲಗೆಯಲ್ಲಿ ಎರಡು ತೊಂದರೆಗಳಿವೆ. ಒಂದು ಬದಿಗೆ ಮಾತ್ರ ಬಣ್ಣ, ಅಂಟು ಬಿದ್ದರೆ ಹಲಗೆ ಆ ಕಡೆಗೆ ಸೊಟ್ಟಗಾಗುತ್ತದೆ. ಹಿಂಬದಿಗೂ ಅಂಚಿಗೂ ಅಷ್ಟೇ ಪದರ ಹಚ್ಚಿ. ಎರಡನೆಯದು ಬೇಗ ಕಾಣುವುದಿಲ್ಲ: ಅಕ್ರಿಲಿಕ್ ಜೆಲ್ (ಮೀಡಿಯಂನ ಗಟ್ಟಿ ರೂಪ) ಒಣಗುವಾಗ ಮರದೊಳಗಿನ ಕಂದು ಬಣ್ಣವನ್ನು ನೀರಿನ ಜೊತೆ ಮೇಲಕ್ಕೆ ಎಳೆದುಕೊಳ್ಳುತ್ತದೆ. ಜೆಲ್ ದಪ್ಪ ಇದ್ದಷ್ಟೂ ಕಲೆ ಜಾಸ್ತಿ. ಬಿಳಿ ಜೆಸ್ಸೊ (ಬಣ್ಣ ಹಿಡಿಯಲೆಂದು ಮೊದಲು ಬಳಿಯುವ ತಳಪದರ) ಹಚ್ಚಿದರೂ ಇದು ನಿಲ್ಲುವುದಿಲ್ಲ. ಜೆಸ್ಸೊಗೆ ಮೊದಲು ತೆಳುವಾದ, ಹೊಳಪಿನ ಅಕ್ರಿಲಿಕ್ ಮೀಡಿಯಂ ಎರಡು ಕೋಟ್ ಹಚ್ಚಿ, ನಡುವೆ ಪೂರ್ತಿ ಒಣಗಲು ಬಿಡಿ.

ಯಾವ ಅಂಟು?

ಕಾಗದಕ್ಕೆ ಕಾಗದ: ಆಮ್ಲರಹಿತ ಪಿವಿಎ (ಬಿಳಿ ಅಂಟು) ಅಥವಾ ಅಕ್ರಿಲಿಕ್ ಮ್ಯಾಟ್ (ಹೊಳಪಿಲ್ಲದ) ಮೀಡಿಯಂ. ಮುಂದೆ ಎಂದಾದರೂ ಬಿಡಿಸಬೇಕಾದೀತು ಅನ್ನಿಸುವ ಭಾಗಕ್ಕೆ ಗೋಧಿ ಪಿಷ್ಟದ ಸರಿ (ಬೇಯಿಸಿದ ಅಂಟು). ಒಂದು ಅಳತೆ ಪಿಷ್ಟಕ್ಕೆ ನಾಲ್ಕರಿಂದ ಐದು ಅಳತೆ ನೀರು. ಸಣ್ಣ ಉರಿಯಲ್ಲಿ 20ರಿಂದ 30 ನಿಮಿಷ ಕೈಬಿಡದೆ ತಿರುಗಿಸಿ. ಬಿಳುಪು ಹೋಗಿ ಅರೆಪಾರದರ್ಶಕ ಆದಾಗ ಇಳಿಸಿ, ಆರಿಸಿ, ಜರಡಿಯಲ್ಲಿ ಸೋಸಿ, ಬೇಕಾದಷ್ಟು ನೀರು ಬೆರೆಸಿ. ಪಿಷ್ಟ ಬೇರೆ, ಹಿಟ್ಟು ಬೇರೆ. ಹಿಟ್ಟಿನ ಅಂಟಿಗೆ ಹುಳ, ಬೂಷ್ಟು ಬಲುಬೇಗ ಬರುತ್ತವೆ. ಫ್ರಿಜ್ಜಿನಲ್ಲಿಟ್ಟರೂ ಪಿಷ್ಟದ ಸರಿ ಮೂರ್ನಾಲ್ಕು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ, ಹುಳಿ ವಾಸನೆ ಬಂದರೆ ಎಸೆಯಿರಿ.

ರಬ್ಬರ್ ಸೊಲ್ಯೂಷನ್, ಸೆಲ್ಲೊಟೇಪ್, ಎರಡು ಬದಿಯ ಟೇಪ್ ಇವನ್ನು ದೂರವಿಡಿ. ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಕಾಗದಕ್ಕೆ ಎಣ್ಣೆಯಂಥ ಕಲೆ ಇಳಿಸುತ್ತವೆ. ಬಿಸಿ ಅಂಟಿನ ಗನ್ ತಾತ್ಕಾಲಿಕ ಜೋಡಣೆಗೆ ಮಾತ್ರ. ಸೆಖೆಗೆ ಮೆತ್ತಗಾಗುತ್ತದೆ, ಚಳಿಗೆ ಕಳಚುತ್ತದೆ.

ಸುಕ್ಕು ಬರುತ್ತಿದ್ದರೆ ತಪ್ಪು ಅಂಟಿನದಲ್ಲ, ಆತುರದ್ದು. ಒದ್ದೆಯಾದ ಕಾಗದ ಹಿಗ್ಗುತ್ತದೆ. ಅಂಟು ಸವರಿ ಎರಡು ಮೂರು ನಿಮಿಷ ಬಿಟ್ಟು, ಹಿಗ್ಗುವುದು ನಿಂತ ಮೇಲೆ ಕೂರಿಸಿ. ನಡುವಿನಿಂದ ಅಂಚಿನ ಕಡೆಗೆ ಒತ್ತಿ, ಸಿಲಿಕಾನ್ ಸವರಿದ ಬೇಕಿಂಗ್ ಕಾಗದ ಮುಚ್ಚಿ, ಮೇಲೆ ತೂಕವಿಟ್ಟು ಒಂದು ರಾತ್ರಿ ಬಿಡಿ.

ಫೋಟೊ ವರ್ಗಾವಣೆ ಹೇಗೆ? ಚಿತ್ರ ಮಾತ್ರ ಉಳಿದು ಕಾಗದ ಹೋಗಬೇಕು.

ನೆನಪಿನ ಕೆಲಸದಲ್ಲಿ ಇದಕ್ಕೆ ಸಮನಾದ ವಿಧಾನ ಇನ್ನೊಂದಿಲ್ಲ ಎಂದರೂ ತಪ್ಪಲ್ಲ. ಚಿತ್ರ ತನ್ನ ಕಾಗದವನ್ನು ಕಳೆದುಕೊಂಡು ಕೆಳಗಿನ ಮೇಲ್ಮೈಗೆ ಸೇರಿಕೊಳ್ಳುತ್ತದೆ, ಅಲ್ಲಲ್ಲಿ ಕಳಚುತ್ತದೆ, ಕೆಳಗಿನ ಮರದ ಎಳೆಗಳು ಮುಖದ ಮೂಲಕ ಕಾಣುತ್ತವೆ.

ಬೇಕಾದದ್ದು ಲೇಸರ್ ಪ್ರಿಂಟ್ ಅಥವಾ ಜೆರಾಕ್ಸ್ ಪ್ರತಿ. ಅದರ ಟೋನರ್ ಪ್ಲಾಸ್ಟಿಕ್ ಪುಡಿಯಾದ್ದರಿಂದ ನೀರಿಗೆ ಕರಗುವುದಿಲ್ಲ. ಸಾಮಾನ್ಯ ಇಂಕ್‌ಜೆಟ್ ಶಾಯಿ ಕದಡಿ ಹರಡುತ್ತದೆ. ಕಾಗದ ಅಗ್ಗದ, ತೆಳುವಾದ 70–80 ಜಿಎಸ್‌ಎಂ ಇರಲಿ. ದುಬಾರಿ ಹೊಳಪಿನ ಕಾಗದ ಉಜ್ಜಿದರೂ ಬಿಡುವುದಿಲ್ಲ. ಅಕ್ಷರಗಳಿದ್ದರೆ, ಅಥವಾ ಕೋಣೆಯ ಎಡ ಬಲ ಮುಖ್ಯವಾದರೆ, ಪ್ರಿಂಟ್ ಮಾಡುವ ಮೊದಲು ಕನ್ನಡಿ ಬಿಂಬದಂತೆ ತಿರುಗಿಸಿ.

1. ಸೀಲ್ ಮಾಡಿ ತಿಳಿ ಬಣ್ಣ ಬಳಿದು ಒಣಗಿಸಿದ ಹಲಗೆಗೆ ಮೃದುವಾದ, ಹೊಳಪಿನ ಜೆಲ್ ಮೀಡಿಯಂ ಅನ್ನು ಸುಮಾರು ಅರ್ಧ ಮಿ.ಮೀ. ದಪ್ಪಕ್ಕೆ ಸಮನಾಗಿ ಹಚ್ಚಿ. ಮ್ಯಾಟ್ ಜೆಲ್ ಆದರೆ ಕಪ್ಪು ಬೂದಿಯಾಗುತ್ತದೆ.
2. ಜೆಲ್ ಒದ್ದೆಯಿರುವಾಗಲೇ ಚಿತ್ರದ ಮುಖ ಕೆಳಗೆ ಮಾಡಿ, ಒಂದು ಅಂಚಿನಿಂದ ನಿಧಾನವಾಗಿ ಇಳಿಸಿ.
3. ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ನಡುವಿನಿಂದ ಹೊರಕ್ಕೆ ಒತ್ತುತ್ತಾ ಗಾಳಿ ತೆಗೆಯಿರಿ. ಅಂಚಿಗೆ ಬಂದ ಜೆಲ್ ಅನ್ನು ತಕ್ಷಣ ಒರೆಸಿ. ಅದು ಕಾಗದದ ಹಿಂಬದಿಗೆ ತಾಗಿದರೆ ಆ ಭಾಗಕ್ಕೆ ಮುಂದೆ ನೀರು ಇಳಿಯುವುದಿಲ್ಲ.
4. ಕನಿಷ್ಠ 12 ಗಂಟೆ, ತೇವದ ಹವೆಯಲ್ಲಿ 24 ಗಂಟೆ ಒಣಗಲಿ.
5. ಸ್ಪಂಜಿನಿಂದ ಹಿಂಬದಿಯನ್ನು ಒದ್ದೆ ಮಾಡಿ, ಎರಡು ನಿಮಿಷ ಕಾದು, ಬೆರಳ ತುದಿಯಿಂದ ಸುತ್ತುಸುತ್ತಾಗಿ ಉಜ್ಜಿ. ಕಾಗದ ಸಣ್ಣ ಸಣ್ಣ ಉರುಳೆಗಳಾಗಿ ಬರುತ್ತದೆ.
6. ಒಣಗಲು ಬಿಡಿ. ಬಿಳಿ ಮಸುಕು ಮತ್ತೆ ಕಾಣಿಸುತ್ತದೆ. ಮತ್ತೆ ಒದ್ದೆ ಮಾಡಿ ಉಜ್ಜಿ. ಮೂರು ನಾಲ್ಕು ಸುತ್ತು ಬೇಕಾಗುತ್ತದೆ.
7. ಕೊನೆಗೆ ತೆಳುವಾದ, ಹೊಳಪಿನ ಮೀಡಿಯಂ ಒಂದು ಕೋಟ್. ಉಳಿದ ಸಣ್ಣ ನಾರುಗಳು ಅದರಲ್ಲಿ ಪಾರದರ್ಶಕವಾಗುತ್ತವೆ.

ಉಜ್ಜುವಾಗ ಚಿತ್ರವೇ ಎದ್ದು ಬರುತ್ತಿದೆ. ಏನು ತಪ್ಪಾಗಿದೆ?

ಚಿತ್ರ ದೊಡ್ಡ ಚೂರುಗಳಾಗಿ ಎದ್ದರೆ ಜೆಲ್ ಒಣಗಿಲ್ಲ. ಮೇಲೆ ಒಣಗಿದಂತೆ ಕಂಡರೂ ಕಾಗದದಡಿ ತೇವ ಬಹಳ ಹೊತ್ತು ಉಳಿಯುತ್ತದೆ. ದುಂಡನೆಯ ತೂತುಗಳು ಬಿದ್ದರೆ ಅಲ್ಲಿ ಗಾಳಿ ಗುಳ್ಳೆ ಇತ್ತು. ಉಬ್ಬಿದ ಎಳೆಗಳ ಮೇಲೆ ಮಾತ್ರ ಅಳಿಸಿದ್ದರೆ ಹಲಗೆ ನಯವಾಗಿರಲಿಲ್ಲ; ಮುಂದಿನ ಸಲ 220 ನಂಬರಿನ ಉಪ್ಪುಕಾಗದ ಹಾಕಿ ಉಜ್ಜಿ. ಬಿಸಿ ನೀರು ಬಳಸಬೇಡಿ, ಜೆಲ್ ಮೆತ್ತಗಾಗುತ್ತದೆ. ಉಗುರು ತಾಗಿಸಬೇಡಿ.

ಇಷ್ಟು ಹೇಳಿದ ಮೇಲೂ, ಎಲ್ಲ ನಷ್ಟವನ್ನೂ ದೋಷ ಎಂದು ನೋಡಬೇಡಿ. ಒಂದು ಮುಖದ ಅರ್ಧ ಹೋಗಿದ್ದು ಅದೇ ಸರಿ ಎನಿಸಿದರೆ ಹಾಗೇ ಬಿಡಿ. ಆದರೆ ಎಲ್ಲಿ ಹೋಗಬೇಕು ಎಂಬುದನ್ನು ನೀವು ನಿರ್ಧರಿಸುವಷ್ಟು ಕೈ ಪಳಗಬೇಕು. ಅದಕ್ಕೆ ಮೂಲ ಹಲಗೆಗೆ ಕೈಹಾಕುವ ಮುನ್ನ ಅಂಗೈಯಗಲದ ಚೂರುಗಳ ಮೇಲೆ ಅಭ್ಯಾಸ ಮಾಡಿ. ಚಿತ್ರದ ಒಂದು ಜಾಗವನ್ನು ಬೇಕೆಂದೇ ಕಳೆಯಬೇಕಿದ್ದರೆ ಅಲ್ಲಿ ಜೆಲ್ ಹಚ್ಚದೆ ಬಿಟ್ಟರಾಯಿತು.

ಅಸಿಟೋನಿನಿಂದ ಟೋನರ್ ಇಳಿಸುವ ಪದ್ಧತಿಯೂ ಇದೆ. ಅದರ ಫಲ ಇನ್ನೂ ತೆಳು, ಇನ್ನೂ ಮಸುಕು, ನೋಡಲು ಬಹಳ ಚೆಂದ. ಆದರೆ ಅಸಿಟೋನ್ ಆವಿಗೆ ಕಿಡಿ ತಾಗಿದರೆ ಸಾಕು, ಹತ್ತಿಕೊಳ್ಳುತ್ತದೆ. ತೆರೆದ ಜಾಗದಲ್ಲಿ, ದ್ರಾವಕ ತಡೆಯುವ ಬ್ಯುಟೈಲ್ ಕೈಗವಸು ಹಾಕಿ, ಹತ್ತಿರ ಉರಿ ಇಲ್ಲದಂತೆ ಮಾಡಿ. ಮಕ್ಕಳ ಜೊತೆ ಬೇಡವೇ ಬೇಡ.

ಇಷ್ಟು ಉಜ್ಜುವ ತಾಳ್ಮೆ ಇಲ್ಲ. ಸುಲಭದ ದಾರಿ ಇದೆಯೇ?

ತೆಳುವಾದ ಜಪಾನಿ ಕೋಜೋ ಕಾಗದವನ್ನು ಸಾಮಾನ್ಯ ಎ4 ಹಾಳೆಗೆ ನಾಲ್ಕೂ ಅಂಚಿನಲ್ಲಿ ಟೇಪ್ ಹಾಕಿ ಬಿಗಿದು, ನೀರಿಗೆ ಕದಡದ ಪಿಗ್ಮೆಂಟ್ ಶಾಯಿಯ ಇಂಕ್‌ಜೆಟ್ಟಿನಲ್ಲಿ ಪ್ರಿಂಟ್ ಮಾಡಿ. ಒಂದು ದಿನ ಒಣಗಿಸಿ, ಮ್ಯಾಟ್ ಮೀಡಿಯಂನಿಂದ ಅಂಟಿಸಿದರೆ ಕಾಗದ ಬಹುಮಟ್ಟಿಗೆ ಕಾಣದಾಗಿ ಚಿತ್ರ ಮಾತ್ರ ಉಳಿಯುತ್ತದೆ. ಟೇಪ್ ಅಂಚು ಎದ್ದಿದ್ದರೆ ಪ್ರಿಂಟರ್ ಒಳಗೆ ಸಿಕ್ಕಿಕೊಳ್ಳುತ್ತದೆ, ಅಷ್ಟು ನೋಡಿಕೊಳ್ಳಿ.

ಮನೆಯವರ ಹಳೆಯ ಬಟ್ಟೆ ಇದೆ. ಕತ್ತರಿಸಲು ಮನಸ್ಸು ಬರುತ್ತಿಲ್ಲ.

ಮನಸ್ಸು ಬಾರದಿದ್ದರೆ ಕತ್ತರಿಸಬೇಡಿ, ಆ ಹಿಂಜರಿಕೆಗೂ ಬೆಲೆ ಇದೆ. ಬಟ್ಟೆಯನ್ನು ಮಡಿಸಿ, ಹಲಗೆಗೆ ಹತ್ತಿಯ ದಾರದಿಂದ ಅಲ್ಲಲ್ಲಿ ಸಡಿಲವಾಗಿ ಟಾಕಿ ಹಾಕಿ, ಬೇಕೆಂದಾಗ ಬಿಚ್ಚಬಹುದು. ಇಲ್ಲವೇ ಅಂಚು ಮಡಿಸಿದ ಒಳಭಾಗದಿಂದ ಒಂದು ಪಟ್ಟಿ ಮಾತ್ರ ತೆಗೆಯಿರಿ. ಬಿಸಿಲಿಗೆ ಮಾಸದ ಮೂಲ ಬಣ್ಣ ಇರುವುದು ಅಲ್ಲೇ, ಹೊರಭಾಗದ ಪಕ್ಕ ಅದನ್ನಿಟ್ಟರೆ ಉಟ್ಟ ಕಾಲವೆಲ್ಲ ಆ ವ್ಯತ್ಯಾಸದಲ್ಲಿ ಕಾಣುತ್ತದೆ. ಶಿಲ್ಪಿ ಲೂಯಿಸ್ ಬೂರ್ಜ್ವಾ ದಶಕಗಳ ಕಾಲ ಕಾಪಿಟ್ಟ ತಮ್ಮ ಬಟ್ಟೆಗಳನ್ನೂ ಮನೆಯ ಚಾದರ, ಕರವಸ್ತ್ರಗಳನ್ನೂ ಇಳಿವಯಸ್ಸಿನಲ್ಲಷ್ಟೇ ಕತ್ತರಿಗೆ ಒಡ್ಡಿದರು. ಕಾಯುವುದೂ ಒಂದು ವಿಧಾನವೇ.

ಪೆಟ್ಟಿಗೆಯಲ್ಲಿ ಬಹುಕಾಲ ಇದ್ದ ಬಟ್ಟೆಯಲ್ಲಿ ಹುಳು ಇರಬಹುದು. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ತೇವ ಹಿಡಿಯುತ್ತದೆ.

ಕಾಗದದ ಮೇಲೆ ಹೊಲಿದರೆ ಹರಿಯುತ್ತದೆ.

ಹೊಲಿಗೆ ತೀರಾ ಒತ್ತಾಗಿದೆ. ತೂತುಗಳು ಹತ್ತಿರ ಹತ್ತಿರ ಬಿದ್ದರೆ ಅಂಚೆ ಚೀಟಿಯಂತೆ ಸಾಲಿಗೆ ಸರಿಯಾಗಿ ಕಿತ್ತು ಬರುತ್ತದೆ. ಕೈಹೊಲಿಗೆಗೆ ಮೊದಲು ದಬ್ಬಳದಿಂದ 4–5 ಮಿ.ಮೀ. ಅಂತರದಲ್ಲಿ ತೂತು ಮಾಡಿಕೊಳ್ಳಿ. ಯಂತ್ರದಲ್ಲಾದರೆ ಹೊಲಿಗೆಯ ಉದ್ದ 3–4 ಮಿ.ಮೀ. ಇಡಿ, ಶುರುವಿನಲ್ಲಿ ಮತ್ತು ಕೊನೆಯಲ್ಲಿ ಹಿಂದೆ ಮುಂದೆ ಹೊಲಿಯದೆ ದಾರವನ್ನು ಹಿಂಬದಿಗೆ ಎಳೆದು ಗಂಟು ಹಾಕಿ. ಕಾಗದ ಸೂಜಿಯನ್ನು ಮೊಂಡಾಗಿಸುವುದರಿಂದ ಅದಕ್ಕೇ ಬೇರೆ ಸೂಜಿ ಇಟ್ಟುಕೊಳ್ಳಿ. ತೆಳು ಕಾಗದಕ್ಕೆ ಹಿಂದೆ ಹತ್ತಿ ಬಟ್ಟೆ ಅಂಟಿಸಿ ಹೊಲಿದರೆ ನಿಶ್ಚಿಂತೆ.

ಮೇಣದ ಕೆಳಗೆ ಚಿತ್ರ ಹುದುಗಿದಂತೆ ಕಾಣುವ ಕೃತಿಗಳನ್ನು ನೋಡಿದ್ದೇನೆ. ಅದು ಹೇಗೆ?

ಅದು ಎನ್‌ಕಾಸ್ಟಿಕ್. ಕರಗಿಸಿದ ಮೇಣದಲ್ಲಿ ಚಿತ್ರಿಸುವ ವಿಧಾನ. ಶುದ್ಧೀಕರಿಸಿದ ಜೇನುಮೇಣ 8 ಭಾಗ, ಡ್ಯಾಮರ್ ರಾಳ 1 ಭಾಗ, ತೂಕದಲ್ಲಿ. ರಾಳ ಸೇರಿದರೆ ಮೇಣ ಗಟ್ಟಿಯಾಗುತ್ತದೆ. ಜೇನುಮೇಣ ಕರಗುವುದು 62–64 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕೆಲಸದ ಶಾಖ 75ರಿಂದ 90ರೊಳಗೆ ಇರಲಿ. ಹೊಗೆ ಏಳುತ್ತಿದ್ದರೆ ಶಾಖ ಮಿತಿ ಮೀರಿದೆ, ಆ ಹೊಗೆ ಕಣ್ಣಿಗೂ ಶ್ವಾಸಕೋಶಕ್ಕೂ ಕೆಟ್ಟದ್ದು. ಶಾಖ ನಿಯಂತ್ರಿಸುವ ಗುಂಡಿ ಇರುವ ವಿದ್ಯುತ್ ತವೆ ಮಾತ್ರ ಬಳಸಿ, ಥರ್ಮಾಮೀಟರ್ ಇಡಿ, ಕಿಟಕಿ ತೆರೆದಿರಲಿ. ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ, ಮುಚ್ಚಳ ಮುಚ್ಚಿ.

ಎಲ್ಲರೂ ಎಡವುವುದು ಒಂದೇ ಕಡೆ: ಅಕ್ರಿಲಿಕ್ ಜೆಸ್ಸೊ ಬಳಿದ ಹಲಗೆ ಮೇಲೆ ಮೇಣ ಹಚ್ಚುತ್ತಾರೆ. ಮೇಣ ಹೀರುವ ಮೇಲ್ಮೈಗೆ ಮಾತ್ರ ಕಚ್ಚುತ್ತದೆ. ಅಕ್ರಿಲಿಕ್ ಮೇಲೆ ಕೂತ ಮೇಣ ಒಂದು ದಿನ ಪದರವಾಗಿ ಎದ್ದು ಬೀಳುತ್ತದೆ. ಬರಿಯ ಮರ, ಅಥವಾ ಮರಕ್ಕೆ ಪಿಷ್ಟದ ಸರಿಯಿಂದ ಅಂಟಿಸಿದ ಕಾಗದ ಬೇಕು. ಪ್ರತಿ ಪದರ ಹಚ್ಚಿದ ಮೇಲೂ ಹೀಟ್ ಗನ್ನಿನಿಂದ ಮೇಲ್ಮೈ ಮಿನುಗುವಷ್ಟು ಬಿಸಿ ಮಾಡಿ ಕೆಳಗಿನ ಪದರದೊಂದಿಗೆ ಬೆಸೆಯಿರಿ. ಕೋಜೋ ಕಾಗದದ ಮೇಲಿನ ಪ್ರಿಂಟನ್ನು ಎರಡು ಪದರಗಳ ನಡುವೆ ಇಟ್ಟರೆ ಕಾಗದ ಮಾಯವಾಗುತ್ತದೆ. ಐದಾರು ಪದರ ದಾಟಿದರೆ ಚಿತ್ರ ಮಂಜಿನಲ್ಲಿ ಮುಳುಗುತ್ತದೆ. ಆಮೇಲೆ ಲೋಹದ ಅಲಗಿನಿಂದ ಒಂದು ಕಿಟಕಿಯಷ್ಟು ಜಾಗ ಕೆರೆದು ತೆಗೆಯಬಹುದು. ಮೊದಲ ತಿಂಗಳುಗಳಲ್ಲಿ ಮೇಲೆ ಬೂದು ಹೊದಿಕೆಯಂತೆ ಕಂಡರೆ ಹೆದರಬೇಡಿ, ಮೃದು ಬಟ್ಟೆಯಿಂದ ಉಜ್ಜಿದರೆ ಹೊಳಪು ಬರುತ್ತದೆ.

ನನ್ನ ಬಳಿ ಏನೂ ಉಳಿದಿಲ್ಲ. ಮನೆಯೂ ಇಲ್ಲ, ಫೋಟೊಗಳೂ ಇಲ್ಲ.

ವಸ್ತು ಇಲ್ಲದವರ ಕೃತಿಗಳೇ ಈ ದಾರಿಯಲ್ಲಿ ಹೆಚ್ಚು ದೂರ ಹೋಗಿವೆ. ಅಲೀಗಢದಲ್ಲಿ ಹುಟ್ಟಿ ಹಲವು ದೇಶಗಳಲ್ಲಿ ಬದುಕಿದ ಕಲಾವಿದೆ ಜರೀನಾ ಹಾಶ್ಮಿ 1999ರಲ್ಲಿ 36 ಮರದಚ್ಚು ಚಿತ್ರಗಳ ಸರಣಿ ಮಾಡಿದರು. ಪ್ರತಿ ಚಿತ್ರಕ್ಕೂ ಒಂದು ಉರ್ದು ಪದ, ಜೊತೆಗೆ ಕೆಲವೇ ಕಪ್ಪು ಗೆರೆಗಳು. ಹೊಸ್ತಿಲು, ಅಂಗಳ ಇಷ್ಟರಲ್ಲೇ ಬಂದುಬಿಡುತ್ತವೆ. ಬ್ರಿಟಿಷ್ ಶಿಲ್ಪಿ ರೇಚಲ್ ವೈಟ್‌ರೀಡ್ 1993ರಲ್ಲಿ ಪೂರ್ವ ಲಂಡನ್ನಿನ ಒಂದು ಮನೆಯೊಳಗೆ ಕಾಂಕ್ರೀಟ್ ಹಾಕಿ, ಹೊರಗೋಡೆ ಕೆಡವಿ, ಕೋಣೆಗಳ ಒಳಗಿನ ಖಾಲಿ ಜಾಗವನ್ನೇ ಗಟ್ಟಿ ರೂಪದಲ್ಲಿ ನಿಲ್ಲಿಸಿದರು. 1994ರ ಜನವರಿಯಲ್ಲಿ ಅದನ್ನು ಕೆಡವಲಾಯಿತು. ಕೊರಿಯದ ಕಲಾವಿದ ಡೊ ಹೊ ಸುಹ್ ತಾವಿದ್ದ ಮನೆಗಳನ್ನು ಪಾರದರ್ಶಕ ಬಟ್ಟೆಯಲ್ಲಿ ನಿಜದ ಅಳತೆಗೆ ಹೊಲಿದಿದ್ದಾರೆ. ಮೂವರೂ ಮನೆಯ ಸಾಮಾನನ್ನು ತೋರಿಸಲಿಲ್ಲ, ಅದರ ಅಳತೆಯನ್ನು, ಒಳಗಿನ ಖಾಲಿ ಜಾಗವನ್ನು ತೋರಿಸಿದರು.

ಅಳತೆ ನಿಮ್ಮ ಮೈಯಲ್ಲಿದೆ. ಕಣ್ಣು ಮುಚ್ಚಿ ನಿಂತು, ಚಿಲಕಕ್ಕೆ ಕೈ ಎಷ್ಟು ಎತ್ತಬೇಕಿತ್ತೋ ಅಷ್ಟು ಎತ್ತಿ, ಗೋಡೆಯ ಮೇಲೆ ಗುರುತು ಹಾಕಿ. ಹಾಸಿಗೆಯಿಂದ ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ನಡೆದು ನೋಡಿ. ಮೆಟ್ಟಿಲಿನ ಎತ್ತರ ಕಾಲಿಗೆ ಗೊತ್ತಿರುತ್ತದೆ. ಈ ಅಂಕಿಗಳನ್ನು ನಿಜ ಅಳತೆಯಲ್ಲಿ ಉದ್ದನೆಯ ಕಾಗದಕ್ಕೆ ದಾರದಿಂದ ಹೊಲಿಯಿರಿ. ಬಣ್ಣವೂ ಹಾಗೇ: ಆ ಗೋಡೆಯ ಬಣ್ಣವನ್ನು ನೆನಪಿನಿಂದ ಬೆರೆಸಿ ಚೀಟಿಗೆ ಹಚ್ಚಿ, ಒಂದು ವಾರ ಬಿಟ್ಟು ಹಿಂದಿನದನ್ನು ನೋಡದೆ ಮತ್ತೆ ಬೆರೆಸಿ. ಆ ಚೀಟಿಗಳ ಸಾಲೇ ಒಂದು ಕೃತಿ.

ಮನೆ ಇನ್ನೂ ಇದೆ, ಆದರೆ ಬೇಗ ಬಿಡಬೇಕಾಗಿದೆ. ಏನನ್ನು ಸಂಗ್ರಹಿಸಲಿ?

ವಸ್ತುಗಳಿಗಿಂತ ಮೊದಲು ಮೇಲ್ಮೈಗಳನ್ನು. 40–60 ಜಿಎಸ್‌ಎಂ ತೆಳು ಕಾಗದವನ್ನು ನೆಲಕ್ಕೋ ಗೋಡೆಗೋ ಟೇಪ್ ಹಾಕಿ ಅಲುಗದಂತೆ ಬಿಗಿದು, ಮೇಣದ ಬಳಪ ಅಥವಾ ಗ್ರಾಫೈಟ್ ತುಂಡನ್ನು ಮಲಗಿಸಿ ಒಂದೇ ದಿಕ್ಕಿಗೆ ಉಜ್ಜಿ. ಹೊಸ್ತಿಲಿನ ಸವೆತ, ಬಾಗಿಲ ಮೇಲಿನ ಗೀಚು, ಹೆಂಚಿನ ಬಿರುಕು ಎಲ್ಲ ಮೂಡುತ್ತವೆ. ಗ್ರಾಫೈಟ್ ಒರೆಸಿ ಹೋಗದಂತೆ ಫಿಕ್ಸೆಟಿವ್ ಸಿಂಪಡಿಸಿ. ಮೇಣಕ್ಕೆ ಅದು ಬೇಕಿಲ್ಲ. ಪ್ರತಿ ಹಾಳೆಯ ಹಿಂದೆ ಯಾವ ಕೋಣೆ, ನೆಲದಿಂದ ಎಷ್ಟು ಎತ್ತರ, ಯಾವ ದಿನ ಎಂದು ಬರೆಯಿರಿ. ಬರೆಯದ ಹಾಳೆಗಳು ತಿಂಗಳು ಕಳೆಯುವಷ್ಟರಲ್ಲಿ ಒಂದರಂತೆ ಇನ್ನೊಂದು ಕಾಣತೊಡಗುತ್ತವೆ.

ಮಣ್ಣು ತರುವುದಾದರೆ ಚೆನ್ನಾಗಿ ಒಣಗಿಸಿ, ನಯವಾದ ಜರಡಿ ಹಿಡಿದು, ಒಂದು ಭಾಗಕ್ಕೆ ಎರಡು ಭಾಗ ಮ್ಯಾಟ್ ಮೀಡಿಯಂ ಬೆರೆಸಿ ಬಣ್ಣವಾಗಿ ಬಳಸಬಹುದು. ಮಣ್ಣಿನ ಬಣ್ಣ ಬೆಳಕಿಗೆ ಮಾಸುವುದಿಲ್ಲ. ಆದರೆ ಗಡಿ ದಾಟಿ ಮಣ್ಣು ಒಯ್ಯುವುದನ್ನು ಅನೇಕ ದೇಶಗಳು ನಿಷೇಧಿಸಿವೆ, ಹೊರಡುವ ಮೊದಲು ನಿಯಮ ನೋಡಿ.

ಕಿಟಕಿಯ ಪರದೆಯ ನೆರಳು ಬೇಕು. ಅದನ್ನು ಹಿಡಿಯುವುದು ಹೇಗೆ?

ಸಯನೋಟೈಪ್ ಮಾಡಿ. ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ನೀಲಿ ಅಚ್ಚಿನ ವಿಧಾನ ಇದು. ಹಸಿರು ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ 100 ಮಿ.ಲೀ. ನೀರಿನಲ್ಲಿ, ಪೊಟ್ಯಾಸಿಯಂ ಫೆರಿಸಯನೈಡ್ 10 ಗ್ರಾಂ ಇನ್ನೊಂದು 100 ಮಿ.ಲೀ. ನೀರಿನಲ್ಲಿ. ಬೇರೆ ಬೇರೆ ಕಂದು ಬಾಟಲಿಗಳಲ್ಲಿಡಿ, ಬೇಕಾದಾಗ ಮಾತ್ರ ಸಮಪಾಲು ಬೆರೆಸಿ. ಮಂದ ಬೆಳಕಿನಲ್ಲಿ ಕಾಗದಕ್ಕೋ ಹತ್ತಿ ಬಟ್ಟೆಗೋ ಹಚ್ಚಿ, ಕತ್ತಲಲ್ಲಿ ಒಣಗಿಸಿ. ಪರದೆಯನ್ನೇ ಮೇಲೆ ಹರಡಿ, ಗಾಜು ಇಟ್ಟು, ಬಿಸಿಲಿಗೆ 5ರಿಂದ 20 ನಿಮಿಷ. ತೆರೆದ ಭಾಗ ಬೂದುಗಂದು ಬಣ್ಣಕ್ಕೆ ತಿರುಗಿದಾಗ ಒಳಗೆ ತಂದು, ಹಳದಿ ಪೂರ್ತಿ ಹೋಗುವವರೆಗೆ ನೀರಿನಲ್ಲಿ ತೊಳೆಯಿರಿ. ಕೈಗವಸು ಇರಲಿ. ಫೆರಿಸಯನೈಡನ್ನು ಆಮ್ಲದ ಹತ್ತಿರ ಒಯ್ಯಬೇಡಿ, ವಿಷಾನಿಲ ಬರುತ್ತದೆ.

ಆಮ್ಲರಹಿತ ಎಂದು ಕ್ಷಾರ ಸೇರಿಸಿ ತಯಾರಿಸಿದ ಕಾಗದ ಉಳಿದ ಕೆಲಸಕ್ಕೆಲ್ಲ ಉತ್ತಮ, ಆದರೆ ಸಯನೋಟೈಪಿಗೆ ಆಗದು. ಕ್ಷಾರ ನೀಲಿಯನ್ನು ತಿನ್ನುತ್ತದೆ. ಇದೇ ಕಾರಣಕ್ಕೆ ನೀಲಿ ಅಚ್ಚಿನ ಬಟ್ಟೆಯನ್ನು ಸೋಪಿನ ಪುಡಿಯಲ್ಲಿ ಒಗೆದರೆ ಹಳದಿಯಾಗುತ್ತದೆ.

ಹಳೆಯದು ಅನ್ನಿಸಲು ಚಹಾದಲ್ಲಿ ಅದ್ದುವುದು, ಅಂಚು ಸುಡುವುದು, ಸೆಪಿಯಾ ಬಣ್ಣ ಹಾಕುವುದು ಸರಿಯೇ?

ನಮ್ಮ ಸಲಹೆ: ಬೇಡ. ತಾಂತ್ರಿಕವಾಗಿ ಚಹಾದ ಟ್ಯಾನಿನ್ ಆಮ್ಲೀಯ, ಸುಟ್ಟ ಅಂಚು ಉದುರುತ್ತಲೇ ಇರುತ್ತದೆ. ಅದಕ್ಕಿಂತ ದೊಡ್ಡ ಕಾರಣ ಬೇರೆ. ಕಂದು ಬಣ್ಣ ಫೋಟೊಗೆ ವಯಸ್ಸಾದ ಗುರುತು, ನೆನಪಿನ ಗುರುತಲ್ಲ. ಬಾಲ್ಯದ ಬಕೆಟ್ಟು ನೆನಪಿನಲ್ಲಿ ಇಂದಿಗೂ ಗಾಢ ಕೆಂಪಾಗಿಯೇ ಇರುತ್ತದೆ. ಆ ಕೆಂಪನ್ನು ಹಾಕಿ. ಬೀಗದ ಕೈ, ಗಡಿಯಾರ, ಚಿಟ್ಟೆ, ಹಕ್ಕಿ ಪಂಜರ ಕೂಡ ಹೀಗೆಯೇ. ನಿಮ್ಮ ಮನೆಯಲ್ಲಿ ನಿಜಕ್ಕೂ ಇದ್ದರೆ ಇಡಿ, ನೆನಪಿನ ಸಂಕೇತ ಎಂಬ ಕಾರಣಕ್ಕೆ ಬೇಡ.

ಚಿಲಕ, ಮೊಳೆಯಂಥ ಕಬ್ಬಿಣದ ವಸ್ತುಗಳನ್ನು ಕೂರಿಸುವುದು ಹೇಗೆ?

ಭಾರದ ವಸ್ತುವನ್ನು ಅಂಟನ್ನು ನಂಬಿ ಬಿಡಬೇಡಿ. ಹಲಗೆಗೆ ತೂತು ಕೊರೆದು ತಾಮ್ರದ ತಂತಿಯಿಂದ ಹಿಂದೆ ಕಟ್ಟಿ ಅಥವಾ ಸ್ಕ್ರೂ ಹಾಕಿ. ಸಡಿಲ ತುಕ್ಕನ್ನು ತಂತಿ ಬ್ರಷ್ಷಿನಿಂದ ತೆಗೆದು, ಉಳಿದ ಬಣ್ಣ ಬೇಕಿದ್ದರೆ ಮೈಕ್ರೊಕ್ರಿಸ್ಟಲೈನ್ ಮೇಣ ಸವರಿ ಉಜ್ಜಿ. ನೀರಿನಂಶದ ಅಕ್ರಿಲಿಕ್ಕನ್ನು ನೇರ ಕಬ್ಬಿಣಕ್ಕೆ ಹಚ್ಚಿದರೆ ಹೊಸ ತುಕ್ಕು ಎದ್ದು ಸುತ್ತಲ ಕಾಗದಕ್ಕೆ ಇಳಿಯುತ್ತದೆ.

ಎಲ್ಲವನ್ನೂ ಸೇರಿಸಿದ ಮೇಲೆ ಆಲ್ಬಮ್ ಪುಟದ ಹಾಗೆ ಕಾಣುತ್ತಿದೆ.

ಎಲ್ಲವೂ ಒಂದೇ ದೂರದಲ್ಲಿವೆ, ಎಲ್ಲದರ ಅಂಚೂ ಪೂರ್ತಿ ಕಾಣುತ್ತಿದೆ, ಆದ್ದರಿಂದ. ನೆನಪಿನಲ್ಲಿ ಹಾಗಿರುವುದಿಲ್ಲ. ಮೂರನೇ ಒಂದು ಭಾಗವನ್ನು ತೆಗೆದುಹಾಕಿ. ಉಳಿದುದರಲ್ಲಿ ಒಂದನ್ನು ಮಾತ್ರ ಸ್ಪಷ್ಟವಾಗಿಡಿ. ಮಿಕ್ಕವನ್ನು ಒಂದು ಭಾಗ ಬಿಳಿ ಬಣ್ಣಕ್ಕೆ ಹತ್ತು ಭಾಗ ಗ್ಲೇಜಿಂಗ್ ಮೀಡಿಯಂ (ಬಣ್ಣವನ್ನು ಪಾರದರ್ಶಕವಾಗಿಸುವ ದ್ರವ) ಬೆರೆಸಿದ ತೆಳು ಪದರದಿಂದ ಹಿಂದಕ್ಕೆ ತಳ್ಳಿ. ಒಂದೇ ಸಲ ದಪ್ಪಗೆ ಹಚ್ಚಿದರೆ ಸುಣ್ಣ ಬಳಿದಂತಾಗುತ್ತದೆ; ಮೂರು ತೆಳು ಪದರ, ಪ್ರತಿಯೊಂದೂ ಒಣಗಿದ ಮೇಲೆ. ಕೆಲವು ಅಂಚುಗಳನ್ನು ಕತ್ತರಿಸುವ ಬದಲು ಒದ್ದೆ ಕುಂಚದಿಂದ ಗೆರೆ ಎಳೆದು ಹರಿಯಿರಿ, ನಾರು ಬಿಟ್ಟ ಅಂಚು ಹಿನ್ನೆಲೆಯಲ್ಲಿ ಬೆರೆಯುತ್ತದೆ. ಚೂಪಾದ ಅಂಚು ಸ್ಪಷ್ಟವಾಗಿ ಉಳಿಸಿದ ಆ ಒಂದಕ್ಕೇ ಮೀಸಲಿರಲಿ.

ಎಣ್ಣೆ ಬಣ್ಣ, ಎಣ್ಣೆ ಬಳಪ ಬಳಸುವುದಾದರೆ ಅವು ಕೊನೆಗೆ. ಅಕ್ರಿಲಿಕ್ ಮೇಲೆ ಎಣ್ಣೆ ನಿಲ್ಲುತ್ತದೆ, ಎಣ್ಣೆಯ ಮೇಲೆ ಅಕ್ರಿಲಿಕ್ ಸುಲಿದು ಬರುತ್ತದೆ.

ಕುಟುಂಬದವರ ಮುಖ, ಪತ್ರಗಳನ್ನು ಬಳಸಲು ಯಾರನ್ನು ಕೇಳಬೇಕು?

ಬದುಕಿರುವವರನ್ನು ಕೇಳಿ, ಪ್ರದರ್ಶನಕ್ಕಿಡುವ ಮೊದಲು ಕೃತಿಯನ್ನೇ ತೋರಿಸಿ ಕೇಳಿ. ಅದೇ ಮನೆ ಅವರಿಗೆ ಬೇರೆಯೇ ಮನೆಯಾಗಿದ್ದಿರಬಹುದು. ಒಪ್ಪದಿದ್ದರೆ ಮುಖದ ಜಾಗವನ್ನು ಖಾಲಿ ಬಿಡಬಹುದು, ಪತ್ರದ ಅಕ್ಷರಗಳನ್ನು ಓದಲಾಗದಷ್ಟು ಒಂದರ ಮೇಲೊಂದು ಬರುವಂತೆ ಮುದ್ರಿಸಬಹುದು. ಕಾಗದ ನಿಮ್ಮ ಕೈಲಿದ್ದರೂ ಬರೆದವರಿಗೆ, ಫೋಟೊ ತೆಗೆದವರಿಗೆ ಅದರ ಮೇಲೆ ಕೃತಿಸ್ವಾಮ್ಯ ಇರುವುದು ಸಾಮಾನ್ಯ. ಮಾರಾಟಕ್ಕಿಡುವುದಾದರೆ ಇದನ್ನು ವಿಚಾರಿಸಿಕೊಳ್ಳಿ.

ಮುಗಿದ ಕೃತಿಯನ್ನು ಕಾಪಾಡುವುದು ಹೇಗೆ?

ಗಾಜು ಮೇಲ್ಮೈಗೆ ತಾಗಬಾರದು. ಅಕ್ರಿಲಿಕ್ ಪದರ ವರ್ಷಗಳ ನಂತರವೂ ಗಾಜಿಗೆ ಅಂಟಿಕೊಳ್ಳುತ್ತದೆ. ಚೌಕಟ್ಟಿನೊಳಗೆ ಕನಿಷ್ಠ 5 ಮಿ.ಮೀ. ಅಂತರದ ಪಟ್ಟಿ ಹಾಕಿಸಿ. ನೇರ ಬಿಸಿಲು, ಒದ್ದೆ ಗೋಡೆ ಎರಡೂ ಬೇಡ. ತೇವಾಂಶ 45–55 ಶೇಕಡ ಇದ್ದರೆ ಕಾಗದ, ಬಟ್ಟೆ, ಮರ ಮೂರಕ್ಕೂ ಹಿತ. ಮೇಣದ ಕೃತಿಯನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಲೇಬೇಡಿ. ಅಕ್ರಿಲಿಕ್ ಕೃತಿಗಳನ್ನು ಒಂದರ ಮೇಲೊಂದು ಪೇರಿಸುವಾಗ ನಡುವೆ ಸಿಲಿಕಾನ್ ಸವರಿದ ಕಾಗದ ಇಡಿ, ಪ್ಲಾಸ್ಟಿಕ್ ಗುಳ್ಳೆ ಹಾಳೆಯನ್ನು ನೇರವಾಗಿ ಸುತ್ತಿದರೆ ಗುಳ್ಳೆಗಳ ಗುರುತು ಮೂಡುತ್ತದೆ.

ಹಿಂಬದಿಗೆ ಆಮ್ಲರಹಿತ ಕಾಗದದ ಚೀಟಿ ಅಂಟಿಸಿ, ಪೆನ್ಸಿಲಿನಲ್ಲಿ ಬರೆಯಿರಿ: ವರ್ಷ, ಹಲಗೆ ಯಾವುದು, ಯಾವ ಪದರಕ್ಕೆ ಯಾವ ಅಂಟು, ಯಾವ ಮೀಡಿಯಂ, ಒಳಗಿನ ಬಟ್ಟೆ ಅಥವಾ ಕಾಗದ ಯಾರದು, ಮೂಲ ಫೋಟೊ ಈಗ ಯಾರ ಬಳಿ ಇದೆ. ಮುಂದೆ ರಿಪೇರಿ ಮಾಡುವವರಿಗೆ ಬೇಕಾಗುವುದು ಈ ಚೀಟಿ. ಅದರ ಒಂದು ಪ್ರತಿಯನ್ನು ಸ್ಕ್ಯಾನ್ ಮಾಡಿದ ಕಡತಗಳ ಜೊತೆಗೂ ಇಡಿ.